ಕೈ ಕಟ್ಟಿ ಹೇಳಿದ ಪಾಠ

ಭಾಲ್ಕಿ
ತಾ. ೬–೧೧–೧೯೫೬

ಮಾನ್ಯ ನರಸಿಂಗರಾವ ಅವರಿಗೆ ಮಾಣಿಕನ ನಮಸ್ಕಾರಗಳು.

ಗುರುತು ಪರಿಚಯವಿಲ್ಲದೆ ಬರೆಯುತ್ತಿದ್ದೇನೆ, ಮೊದಲು ಅದಕ್ಕೆ ಕ್ಷಮೆ ಕೇಳುತ್ತೇನೆ. ಮೂರು ಸಲ ಬರೆದು ಹರಿದೆ. ಕಾರ್ಡಿನಲ್ಲಿ ಬರೆದರೆ ದಾರಿಯಲ್ಲಿ ಎಲ್ಲರೂ ಓದುತ್ತಾರೆಂದು ಈ ಕವರ್ ತಂದೆ. ಬೇಡವೆನ್ನಿಸಿದರೆ ಇಲ್ಲಿಗೇ ನಿಲ್ಲಿಸಿ ಒಲೆಗೆ ಹಾಕಿಬಿಡಿ, ನಾನು ಬೇಸರ ಮಾಡಿಕೊಳ್ಳುವುದಿಲ್ಲ. ನನ್ನ ಕನ್ನಡದ ಅಕ್ಷರಕ್ಕೂ ಸಾರಿ. ಹಾಸ್ಟೆಲಿನಲ್ಲಿ ಇಂಗ್ಲಿಷ್ ಮತ್ತು ಉರ್ದು ಬಿಟ್ಟು ಬೇರೆ ಬರೆದವನಲ್ಲ.

ನಾನು ಔರಾದದ ಜೋಶಿಯವರ ಮಗ. ಹೈದರಾಬಾದಿನಲ್ಲಿ ಹಾಸ್ಟೆಲಿನಲ್ಲಿದ್ದು ಮ್ಯಾಟ್ರಿಕ್ ಮುಗಿಸಿದೆ. ಒಂದು ವರ್ಷ ವೇದ ಕಲಿತು ಬಾ, ಆಮೇಲೆ ಕಾಲೇಜು, ಅಲ್ಲಿಯತನಕ ಕಾಲೇಜಿನ ಹೆಸರು ಎತ್ತಬೇಡ ಎಂದು ಅಪ್ಪನ ಹಟ. ಹಾಗಾಗಿ ಜೂನ್‌ನಿಂದ ನಿಮ್ಮ ತಂದೆಯವರ ಪಾಠಶಾಲೆಯಲ್ಲಿ ಫಸ್ಟ್ ಇಯರ್ ವಿದ್ಯಾರ್ಥಿ. ನನಗೆ ಹದಿನೇಳು. ನನ್ನ ಪಕ್ಕದಲ್ಲಿ ಕೂಡುವ ಪ್ರಲ್ಹಾದನಿಗೆ ಹತ್ತು, ಪಾಠದಲ್ಲಿ ನನಗಿಂತ ಎರಡು ವರ್ಷ ಮುಂದಿದ್ದಾನೆ. ಎಲ್ಲರೂ ಪಲ್ಯಾ ಎಂದು ಕರೆಯುತ್ತಾರೆ. ಅವನು ನನ್ನನ್ನು ಮೊದಲ ದಿನವೇ "ಅಜ್ಜಾರ, ಮೀಸಿ ಬಂದ ಮ್ಯಾಲ ಸಾಲಿಗಿ ಬಂದೀರಿ, ಹಾದಿ ತಪ್ಪಿತ್ತೇನ್ರಿ?" ಎಂದ. ಇವತ್ತಿಗೂ ನಾನು ಅಜ್ಜಾರೇ.

ನಿಮ್ಮ ವಿಳಾಸ ಕೊಟ್ಟವರು ನಿಮ್ಮ ಸೋದರತ್ತೆ ಗಿರಿಜಾಬಾಯಿ, ಇಲ್ಲಿ ನಮಗೆಲ್ಲರಿಗೂ ಅತ್ತೆಯೇ. "ನಮ್ಮಣ್ಣನ ಮುಂದ ನರಸಿಂಗನ ಹೆಸರ ತಗಿಬ್ಯಾಡ. ಅವ ಬೀದರದಾಗ ತಾಲೀಮಾತ ಕಚೇರಿಯಾಗ ಅಹಲಕಾರ ಅದಾನ. ನೀ ಬರದರ ಬರಿ, ನಾ ಹೇಳೀನಂತ ಅನಬ್ಯಾಡ" ಎಂದರು. ನೋಡಿ, ಅದನ್ನೂ ಬರೆದುಬಿಟ್ಟೆ.

ಕಾರಣ ಇಷ್ಟು. ಹೋದ ವಾರ ನಾವೆಲ್ಲ ಮೈಸೂರು ರಾಜ್ಯದವರಾದೆವು. ಉದಗೀರದ ಇಬ್ಬರು ಹುಡುಗರು ಮುಂಬಯಿ ರಾಜ್ಯದವರಾಗಿ ನಮ್ಮ ಪಂಕ್ತಿಯಲ್ಲೇ ಊಟ ಮಾಡುತ್ತಿದ್ದಾರೆ. ಹೊಸ ಸರಕಾರದಿಂದ ಒಬ್ಬ ಇನ್‌ಸ್ಪೆಕ್ಟರು ಪಾಠಶಾಲೆಗಳನ್ನು ನೋಡಲು ಬರುತ್ತಾರಂತೆ. ಮಾನ್ಯತೆ ಕೊಟ್ಟರೆ ನಡೆಯುತ್ತದೆ, ಇಲ್ಲವಾದರೆ ಹುಡುಗರನ್ನು ಮನೆಗೆ ಕಳಿಸಬೇಕಂತೆ. ಅವರು ಯಾವಾಗ ಬರುತ್ತಾರೆ, ಏನು ಕೇಳುತ್ತಾರೆ ಎಂಬುದು ವಿದ್ಯಾ ಇಲಾಖೆಯ ಗುಮಾಸ್ತರಾದ ನಿಮಗೆ ಗೊತ್ತಿರಬೇಕು.

ಗುರುಗಳ ಬಗ್ಗೆ ಇನ್ನೊಂದು ಮಾತಿದೆ. ನಿಮ್ಮ ಒಪ್ಪಿಗೆ ಇಲ್ಲದೆ ಬರೆಯಲು ಧೈರ್ಯವಾಗುತ್ತಿಲ್ಲ.

ತಮ್ಮ ವಿಧೇಯ,
ಮಾಣಿಕ


ಬೀದರ
ತಾ. ೧೫–೧೧–೧೯೫೬

ಮಾಣಿಕ,

ನಿನ್ನ ಪತ್ರ ಕಚೇರಿಗೆ ಬಂತು. ಮುಂದೆ ಕಚೇರಿಯ ವಿಳಾಸಕ್ಕೆ ಬರೆಯಬೇಡ. ಮನೆಯ ವಿಳಾಸ ಕವರಿನ ಹಿಂದಿದೆ.

ತನಿಖೆಯ ತಾರೀಖು ನಿಶ್ಚಯವಾಗಿಲ್ಲ. ಬರುವವರು ದಕ್ಷಿಣದವರು, ಸ್ವತಃ ವೇದ ಓದಿದವರು ಎಂದು ಕೇಳಿದ್ದೇನೆ. ಹುಡುಗರಿಂದ ಹೇಳಿಸುತ್ತಾರೆ, ಗುರುಗಳು ಹೇಗೆ ತಿದ್ದುತ್ತಾರೆ ಎಂಬುದನ್ನೂ ನೋಡುತ್ತಾರೆ.

ನಾನು ಆ ಮನೆ ಬಿಟ್ಟು ಏಳು ವರ್ಷವಾಯಿತು. ಅಲ್ಲಿ ಯಾರು ಹೇಗಿದ್ದಾರೆ ಎಂದು ನಾನು ಕೇಳಿಲ್ಲ, ಅವರೂ ಹೇಳಿಲ್ಲ. ನಿನಗೆ ಹೇಳಲೇಬೇಕೆನ್ನಿಸಿದರೆ ಹೇಳು. ಸುತ್ತು ಹಾಕಬೇಡ.

ನರಸಿಂಗರಾವ


ಭಾಲ್ಕಿ
ತಾ. ೨೦–೧೧–೧೯೫೬

ಮಾನ್ಯ ನರಸಿಂಗರಾವ ಅವರಿಗೆ,

ಸುತ್ತು ಹಾಕದೆ ಬರೆಯುತ್ತೇನೆ. ಗುರುಗಳಿಗೆ ಕಿವಿ ಕೇಳಿಸುವುದಿಲ್ಲ. ಸ್ವಲ್ಪ ಮಂದ ಎಂದಲ್ಲ. ಏನೂ ಕೇಳಿಸುವುದಿಲ್ಲ.

ನೀವು ನಗಬಹುದು. ಪುಸ್ತಕವೇ ಇಲ್ಲದ ಶಾಲೆ, ಗುರು ಒಂದು ಸಲ ಹೇಳಿದ್ದನ್ನು ಶಿಷ್ಯ ಎರಡು ಸಲ ಹೇಳಿ ಕಲಿಯುವ ಶಾಲೆ. ಅದರ ಗುರುವಿಗೆ ಕಿವಿ ಇಲ್ಲವೆಂದರೆ ನಂಬುವವರು ಯಾರು? ನಾನೂ ಐದು ತಿಂಗಳು ಅವರ ಎದುರಿಗೇ ಕೂತು ತಿಳಿಯದೆ ಹೋದೆ.

ತಿಳಿದದ್ದು ಪಲ್ಯಾನಿಂದ. ದೀಪಾವಳಿಯ ರಜೆ ಮುಗಿದ ಮಾರನೆಯ ಮಧ್ಯಾಹ್ನ ಅವನು ಹಳೆಯ ಪಾಠ ಒಪ್ಪಿಸುತ್ತಿದ್ದ. ಅದಕ್ಕೆ ಮೊದಲೇ ಉದಗೀರದ ಹುಡುಗರ ಜೊತೆ ಏನೋ ಪಂದ್ಯ ಕಟ್ಟಿದ್ದನಂತೆ. ವೇದದ ನಮ್ಮ ಶಾಖೆಯಲ್ಲಿ ಸ್ವರವನ್ನು ಬಾಯಿಂದ ಹೇಳುತ್ತ ಕೈಯಿಂದಲೂ ತೋರಿಸಬೇಕಲ್ಲ. ಏರಿದರೆ ಕೈ ಹುಬ್ಬಿನತನಕ, ಇಳಿದರೆ ಎದೆಗೆ, ಪದ ಮಕಾರದಲ್ಲಿ ಮುಗಿದರೆ ಮುಷ್ಟಿ. ನೀವು ವರ್ಷಗಟ್ಟಲೆ ಮಾಡಿದ್ದು, ನಿಮಗೇನು ಹೇಳುವುದು, ಆದರೆ ಹಾಸ್ಟೆಲಿನಿಂದ ಬಂದ ನನಗೆ ಇವತ್ತಿಗೂ ಅದು ಆಶ್ಚರ್ಯ. ಪಲ್ಯಾ ಕೈಯನ್ನು ಒಂದು ಕೂದಲೆಳೆಯೂ ತಪ್ಪದಂತೆ ಆಡಿಸುತ್ತ, ಮಂತ್ರದ ನಡುವೆ ಅದೇ ಸ್ವರದಲ್ಲಿ, "ಬದ್ನಿಕಾಯಿ ಪಲ್ಯ, ಸೌತಿಕಾಯಿ ಪಚಡಿ, ಗಿರಿಜಾಬಾಯಿ ಉಪ್ಪ ಮರತಾಳ" ಎಂದು ಸೇರಿಸಿಬಿಟ್ಟ.

ಹದಿನಾಲ್ಕು ಹುಡುಗರ ಉಸಿರು ನಿಂತಿತು. ಬೆತ್ತ ಬೀಳುತ್ತದೆ ಎಂದು ನಾನು ಕಣ್ಣು ಮುಚ್ಚಿದೆ. ಕಣ್ಣು ಬಿಟ್ಟಾಗ ಗುರುಗಳು ಅವನ ಕೈಯನ್ನೇ ನೋಡುತ್ತಿದ್ದರು. ತಲೆಯಾಡಿಸಿ, "ಹೂಂ. ಮುಂದ" ಎಂದರು.

ಹುಡುಗರು ಹೊರಗೆ ಬಂದು ಬಿದ್ದು ಬಿದ್ದು ನಕ್ಕರು. "ನಾ ಅಂದರ ಗುರುಗೋಳಿಗಿ ಪ್ರೀತಿ, ಅದಕ್ಕ ಬಿಟ್ಟಾರ" ಎಂದು ಪಲ್ಯಾ ಹೆಗಲು ಕುಣಿಸಿದ. ನನಗೆ ನಗು ಬರಲಿಲ್ಲ. ಮರುದಿನ ಒಂದು ಟೆಸ್ಟ್ ಮಾಡಿದೆ. ಅವರು ಪೂಜೆಯ ಪಾತ್ರೆ ಜೋಡಿಸುತ್ತಿದ್ದಾಗ ಹಿಂದೆ ನಿಂತು ಹಿತ್ತಾಳೆಯ ಚೊಂಬನ್ನು ಕಲ್ಲಿನ ಮೇಲೆ ಕೈಬಿಟ್ಟೆ. ಅಡುಗೆಮನೆಯಿಂದ ಅತ್ತೆ ಓಡಿ ಬಂದರು. ಗುರುಗಳು ತಿರುಗಲಿಲ್ಲ.

ಅವರು ಪಾಠ ಕೇಳುವುದೇ ಇಲ್ಲ, ನೋಡುತ್ತಾರೆ.

ಇನ್ನೊಂದು ಮಾತು, ಇದನ್ನು ನಿಮಗಲ್ಲದೆ ಯಾರಿಗೂ ಹೇಳಲಾರೆ. ನನ್ನ ಹಾಸ್ಟೆಲಿನ ಗೆಳೆಯ ಮುಜೀಬೋದ್ದೀನ ನನಗಾಗಿ ಫೆಬ್ರವರಿಯ ಕೊನೆಯತನಕ ಕಾಲೇಜಿನಲ್ಲಿ ಸೀಟು ಹಿಡಿದಿಟ್ಟಿದ್ದಾನೆ. ಈ ಪಾಠಶಾಲೆ ಮುಚ್ಚಿದರೆ ಅಪ್ಪನ ಹಟಕ್ಕೆ ಜಾಗವಿಲ್ಲ, ನಾನು ಹೈದರಾಬಾದಿಗೆ ಹೋಗಬಹುದು. ಇನ್‌ಸ್ಪೆಕ್ಟರ ಕಿವಿಯಲ್ಲಿ ಒಂದು ಮಾತು ಹಾಕಿದರೆ ಸಾಕು. ಈ ಯೋಚನೆ ಬಂದದ್ದಕ್ಕೇ ನನಗೆ ನಾಚಿಕೆಯಾಗಿದೆ.

ಏನು ಮಾಡಲಿ, ಪ್ಲೀಸ್ ತಿಳಿಸಿ.

ನಿಮ್ಮ,
ಮಾಣಿಕ


ಬೀದರ
ತಾ. ೯–೧೨–೧೯೫೬

ಮಾಣಿಕ,

ಉತ್ತರ ತಡವಾಯಿತು. ಬರೆಯಲು ಕೂತಾಗಲೆಲ್ಲ ಎದ್ದು ಹೋದೆ.

ಹಿಂದಿನಿಂದ ಕರೆದರೆ ಅವರಿಗೆ ಸ್ವಲ್ಪವೂ ಕೇಳಿಸುವುದಿಲ್ಲವೆ? ಎಂದಿನಿಂದ? ಅತ್ತೆಯನ್ನು ಕೇಳಿ ನೋಡು. ಒಂದು ವರ್ಷದಿಂದಲೋ, ಹೆಚ್ಚಿನಿಂದಲೋ?

ಯಾಕೆ ಕೇಳುತ್ತಿದ್ದೇನೆಂದು ನೀನು ಕೇಳುವ ಮೊದಲೇ ಹೇಳುತ್ತೇನೆ. ಹನ್ನೊಂದು ವರ್ಷ ಅವರ ಮುಂದೆ ಕೂತು ಪೂರ್ತಿ ಸಂಹಿತೆ ಕಲಿತೆ. ನಲವತ್ತೊಂಬತ್ತರಲ್ಲಿ ಕೊನೆಯ ಪರೀಕ್ಷೆಗೆ ಎಂಟು ದಿನವಿತ್ತು. ನನಗೆ ಆ ಬದುಕು ಬೇಡವಾಗಿತ್ತು. ಹಿಂದಿನ ದಿನ ಮಾತಿಗೆ ಮಾತು ಬೆಳೆದು ಮನೆಯಲ್ಲಿ ದೊಡ್ಡ ಗಲಾಟೆಯಾಗಿತ್ತು. ಬೆಳಿಗ್ಗೆ ಟ್ರಂಕು ಹಿಡಿದು ಪೂಜೆಯ ಕೋಣೆಯ ಬಾಗಿಲಲ್ಲಿ ನಿಂತೆ. ಅವರು ಬೆನ್ನು ಮಾಡಿ ಕೂತಿದ್ದರು. "ಅಪ್ಪಾ, ತಪ್ಪಾತು. ನೀ ಇರು ಅಂದರ ಇರ್ತೇನಿ. ಒಂದ ಮಾತ ಅನ್ನು" ಎಂದೆ. ಎರಡು ಸಲ ಎಂದೆ. ಅವರು ಗಂಧ ತೇಯುವುದನ್ನು ನಿಲ್ಲಿಸಲಿಲ್ಲ. ನಾನು ಸ್ಟೇಶನ್ನಿಗೆ ನಡೆದೆ.

ಏಳು ವರ್ಷ ನಾನು ಅದನ್ನು ಉತ್ತರವೆಂದೇ ತಿಳಿದಿದ್ದೆ.

ನಿನ್ನ ವಿಷಯ. ಇನ್‌ಸ್ಪೆಕ್ಟರಿಗೆ ಹೇಳುವುದು ಬಿಡುವುದು ನಿನ್ನ ಕೈಯಲ್ಲಿದೆ, ನಾನು ಗುರುವಲ್ಲ. ಆದರೆ ನನ್ನನ್ನು ಕೇಳಿದೆಯಾದ್ದರಿಂದ ಹೇಳುತ್ತೇನೆ. ಹುಡುಗರ ಕೈ ತಪ್ಪದಂತೆ ನೋಡಿಕೋ. ಕೈ ಬಾಯಿಯಂತೆಯೇ ಆಡಿದರೆ ಅವರು ಯಾರನ್ನಾದರೂ ಸರಿಯಾಗಿ ತಿದ್ದಬಲ್ಲರು, ಅಂಥ ಕಣ್ಣು ಅವರದು. ತನಿಖೆ ಜನವರಿ ಹದಿನೆಂಟಕ್ಕೆ ನಿಶ್ಚಯವಾಗಿದೆ.

ನಾನು ಕೇಳಿದೆನೆಂದು ಅವರಿಗೆ ತಿಳಿಯಬಾರದು.

ನರಸಿಂಗರಾವ


ಭಾಲ್ಕಿ
ತಾ. ೨೨–೧೨–೧೯೫೬

ಮಾನ್ಯರೆ,

ನೀವು ಬೇಡವೆಂದದ್ದೇ ಆಗಿಹೋಯಿತು. ಬೈಯುವ ಮೊದಲು ಪೂರ್ತಿ ಓದಿರಿ.

ಅತ್ತೆಯನ್ನು ಕೇಳಿದೆ. ಅವರು ಅಕ್ಕಿಯ ಮೊರ ಕೆಳಗಿಟ್ಟು, "ನಿನಗ ಯಾರ ಅಂದರು?" ಎಂದರು. ಆಮೇಲೆ ಸೆರಗಿನಿಂದ ಮೂಗು ಒರೆಸಿಕೊಂಡು, "ನರಸಿಂಗ ಹೋಗೂ ಮೊದಲ ಒಂದ ವರ್ಷದಿಂದ ಚಾಲೂ ಆಗಿತ್ತು. ಎದುರಿಗಿ ನಿಂತು ಒದರಿದರ ಅಷ್ಟ ಕೇಳಸ್ತಿತ್ತು. ಶರಫೋದ್ದೀನ ಹಕೀಮರ ಬಲ್ಲಿ ಎಣ್ಣಿ ತಂದು ಹಾಕತಿದ್ದರು. ಯಾರಿಗೂ ಅನಬ್ಯಾಡಂತ ನನ್ನ ಕಡಿಂದ ಆಣಿ ತಗೊಂಡಾರ" ಎಂದರು. ನೀವು ಬಾಗಿಲಲ್ಲಿ ನಿಂತ ದಿನಕ್ಕಿಂತ ಮೊದಲಿನಿಂದ. ಅಷ್ಟೇ ಬರೆಯುತ್ತೇನೆ, ಮುಂದಿನದು ನಿಮಗೆ ಬಿಟ್ಟದ್ದು.

ನೀವು ಹೇಳಿದಂತೆ ದಿನಾ ಮಧ್ಯಾಹ್ನ ಬಾವಿಯ ಕಟ್ಟೆಯ ಮೇಲೆ ಹುಡುಗರನ್ನು ಕೂಡಿಸಿ ಕೈ ತಿದ್ದಿಸುತ್ತಿದ್ದೆ. ನನಗೆ ಪಾಠ ಬರುವುದು ಕಡಿಮೆ, ಆದರೆ ಕೈ ಕಣ್ಣಿಗೆ ಕಾಣುತ್ತದಲ್ಲ. "ಅಜ್ಜಾರು ಡ್ರಿಲ್ ಮಾಸ್ತರ ಆದರು" ಎಂದು ಪಲ್ಯಾ ಸೆಲ್ಯೂಟ್ ಹೊಡೆಯುತ್ತಿದ್ದ. ನಾಲ್ಕನೆಯ ದಿನ ಗುರುಗಳು ಬಂದು ಹುಡುಗರನ್ನು ಕಳಿಸಿ ನನ್ನೆದುರು ಕೂತರು.

"ಯಾನ್ ಮಾಡ್ಲತ್ತಿದಿ?"

ಹುಡುಗರ ಕೈ ತಿದ್ದಿಸುತ್ತಿದ್ದೆ ಎಂದೆ.

"ಅವತ್ತ ನನ್ನ ಹಿಂದ ನಿಂತು ಚೊಂಬ ಒಗದಿ. ನೆಲ ನಡಗಿತು, ಕಾಲಿಗಿ ತಿಳೀತು. ಹೊಳ್ಳಿ ನೋಡಬೇಕೋ ಬ್ಯಾಡೋ ಅನ್ನೂದರಾಗ ಹೊತ್ತ ಹೋತು." ಸ್ವಲ್ಪ ನಕ್ಕರು. ನಾನು ಅವರು ನಕ್ಕದ್ದನ್ನು ನೋಡಿದ್ದು ಅದೇ ಮೊದಲು. "ಆ ಪಲ್ಯಾನ ಬದ್ನಿಕಾಯಿನೂ ತಿಳದದ. ತುಟಿ ಕೂಡಬಾರದ ಜಾಗಾದಾಗ ಕೂಡಿದ್ವು. ಯಾನೋ ಹಲಕಟ್ ಅಂದಾನ ಅಂತ ಗೊತ್ತಾತು. ಯಾನ್ ಅಂದಾನ ಅಂತ ಗೊತ್ತಾಗಲಿಲ್ಲ. ಹೊಡದರ, ಯಾಕ ಹೊಡದ್ರಿ ಅಂತ ಕೇಳತಾನ. ಯಾನ್ ಹೇಳಲಿ? ಬಿಟ್ಟಿ."

ಆಮೇಲೆ ನನ್ನ ಬಾಯಿಯನ್ನೇ ನೋಡುತ್ತ ಕೇಳಿದರು. "ಯಾರಿಗರೆ ಹೇಳಿದಿ?"

ಇಲ್ಲ ಎಂದೆ.

"ಸುಳ್ಳ ಹೇಳೂ ಮುಂದ ತುಟಿ ಬ್ಯಾರೆನೇ ಆಡತಾವ ಮಾಣಿಕ. ಕಿವಿ ಇದ್ದವರಿಗಿ ಅದು ಕಾಣಸಲ್ಲ."

ನನಗೆ ಕನ್ಫ್ಯೂಸ್ ಆಯಿತು. ಎದ್ದು ಒಳಗಿಂದ ಅತ್ತೆಯ ಹಾಲಿನ ಲೆಕ್ಕದ ಸ್ಲೇಟು ತಂದೆ. ಬರೆದ ವಿದ್ಯೆ ವಿದ್ಯೆಯಲ್ಲ ಎಂದು ನಮಗೆ ಪೆನ್ಸಿಲನ್ನೂ ಮುಟ್ಟಗೊಡದ ಮನುಷ್ಯರು ಅವರು. ಅವರ ಮುಂದೆ ನಿಮ್ಮ ಹೆಸರು ಬರೆದೆ. ನೀವು ಬಾಗಿಲಲ್ಲಿ ನಿಂತು ಎರಡು ಸಲ ಹೇಳಿದ ಮಾತನ್ನೂ ನಿಮ್ಮ ಪತ್ರದಲ್ಲಿದ್ದಂತೆಯೇ ಬರೆದೆ.

ಅವರು ಓದಿದರು. ತುಂಬ ಹೊತ್ತು ಓದಿದರು, ಇದ್ದದ್ದು ಎರಡು ಸಾಲು. ಆಮೇಲೆ ಅಂಗೈಯಿಂದ ಒರೆಸಿ, ಸ್ಲೇಟನ್ನು ನನ್ನ ಮಡಿಲಿಗಿಟ್ಟು ಹೋದರು. ಅಂದಿನಿಂದ ಪಾಠ ಬಿಟ್ಟು ಒಂದು ಮಾತೂ ಆಡಿಲ್ಲ.

ಕ್ಷಮಿಸಿ.

ಮಾಣಿಕ


ಬೀದರ
ತಾ. ೨–೧–೧೯೫೭

ಮಾಣಿಕ,

ನನ್ನ ಮಾತನ್ನು ಅವರ ಮುಂದಿಡಲು ನಿನಗೆ ಅಧಿಕಾರ ಕೊಟ್ಟವರು ಯಾರು? ಆ ಮಾತು ಹೇಳುವುದಿದ್ದರೆ ನಾನು ಹೇಳಬೇಕಿತ್ತು, ಬಿಡುವುದಿದ್ದರೆ ನಾನು ಬಿಡಬೇಕಿತ್ತು.

ಹದಿನೆಂಟರ ಬೆಳಗಿನ ಗಾಡಿಗೆ ಸಾಹೇಬರು ಭಾಲ್ಕಿಗೆ ಹೊರಡುತ್ತಾರೆ. ಕಾಗದಪತ್ರ ಹಿಡಿದು ಜೊತೆಗೆ ಹೋಗಲು ನನ್ನನ್ನು ಕೇಳಿದ್ದರು. ಜ್ವರ ಎಂದು ಹೇಳಿದ್ದೇನೆ.

ಇನ್ನು ಬರೆಯಬೇಡ.

ನ.


ಭಾಲ್ಕಿ
ತಾ. ೨೦–೧–೧೯೫೭

ಮಾನ್ಯ ನರಸಿಂಗರಾವ ಅವರಿಗೆ,

ಬರೆಯಬೇಡವೆಂದಿದ್ದೀರಿ. ಆದರೂ ಇದನ್ನು ಕಚೇರಿಯ ರಿಪೋರ್ಟಿನಿಂದ ನೀವು ತಿಳಿಯುವುದಕ್ಕಿಂತ ತಪ್ಪು ಮಾಡಿದ ನನ್ನಿಂದಲೇ ತಿಳಿಯಲಿ.

ಸಾಹೇಬರು ಹತ್ತು ಗಂಟೆಗೆ ಬಂದರು. ಒಳ್ಳೆಯವರು. ಚಪ್ಪಲಿ ಹೊರಗೆ ಬಿಟ್ಟು, ಕಾಲು ತೊಳೆದು, ಗುರುಗಳಿಗೆ ನಮಸ್ಕಾರ ಮಾಡಿ ಚಾಪೆಯ ಮೇಲೆ ಕೂತರು. ಗುರುಗಳು ಅವರ ಮುಖವನ್ನೇ ನೋಡುತ್ತ, ಹತ್ತು ಮಾತಿಗೆ ಒಂದು ಉತ್ತರ ಕೊಡುತ್ತ ನಿಭಾಯಿಸಿದರು. ಮೈಸೂರಿನ ಮಾತು ತಮಗೆ ಅಷ್ಟು ತಿಳಿಯುವುದಿಲ್ಲ ಎಂದರು. ಸಾಹೇಬರು ನಕ್ಕು, "ನಿಮ್ಮ ಮಾತೂ ನಮಗೆ ಅಷ್ಟೇ ಸ್ವಾಮಿ" ಎಂದರು. ಎಲ್ಲ ಸರಿ ಹೋಗುತ್ತದೆ ಅನ್ನಿಸಿತು.

ಮೊದಲು ಪಲ್ಯಾ ಹೇಳಿದ. ಅವನ ಕೈ ನೋಡಿ ಸಾಹೇಬರು ಹುಬ್ಬೇರಿಸಿದರು. ಎರಡನೆಯ ಹುಡುಗ ಒಂದು ಕಡೆ ಏರಿಸುವಲ್ಲಿ ಇಳಿಸಿದ, ಕೈಯೂ ಇಳಿಯಿತು. ಗುರುಗಳು ತಟ್ಟನೆ ಬೆರಳೆತ್ತಿ ತಿದ್ದಿದರು. "ಭೇಷ್" ಎಂದರು ಸಾಹೇಬರು.

ಆಮೇಲೆ ಅವರ ಕಣ್ಣು ನನ್ನ ಮೇಲೆ ಬಿತ್ತು. ಆ ಸಾಲಿನಲ್ಲಿ ನಾನೊಬ್ಬನೇ ಉದ್ದ.

"ನೀವು ಹೇಳಿ. ಆದರೆ ಈ ಕೈ ಆಡಿಸೋದು ಬೇಡಪ್ಪ. ನಮ್ಮ ಕಡೆ ಕೈಕಟ್ಟಿ ಕೂತೇ ಹೇಳ್ತಾರೆ. ಕೈ ಇಲ್ಲದೆ ಸ್ವರ ನಿಲ್ಲುತ್ತೋ ನೋಡೋಣ."

ತಪ್ಪು ಹುಡುಕುವ ಉದ್ದೇಶ ಅವರದಲ್ಲ, ಬೇರೆ ಶಾಖೆಯವರ ಕುತೂಹಲ ಅಷ್ಟೆ. ನನ್ನ ಪಕ್ಕದಲ್ಲಿ ಪಲ್ಯಾ ಉಸಿರೆಳೆದುಕೊಂಡದ್ದು ಕೇಳಿಸಿತು. ಎಂಥ ಮಿಸ್ಟೇಕ್ ಮಾಡಿದ್ದೆ ನೋಡಿ. ಒಂದು ತಿಂಗಳು ಹದಿನಾಲ್ಕು ಹುಡುಗರ ಕೈಗಳನ್ನು ತಿದ್ದಿದ್ದೆ, ಕೈಯೇ ಬೇಡವೆನ್ನುವವರು ಭೂಮಿಯ ಮೇಲಿದ್ದಾರೆಂದು ಹೊಳೆದಿರಲಿಲ್ಲ.

ನಾನು ಕೈ ಕಟ್ಟಿದೆ. ಗುರುಗಳ ಕಣ್ಣು ನನ್ನ ಕೈಯಿಂದ ತುಟಿಗೆ ಬಂತು. ಶುರು ಮಾಡಿದೆ. ಮೊದಲ ಭಾಗ ಸರಿಯಾಗಿ ಬಂತು, ಗುರುಗಳು ತಲೆಯಾಡಿಸುತ್ತ ತೊಡೆಯ ಮೇಲೆ ತಾಳ ಹಾಕುತ್ತಿದ್ದರು. ಎರಡನೆಯ ಭಾಗದಲ್ಲಿ ಗಂಟಲು ಒಣಗಿತು. ಧ್ವನಿ ಸಣ್ಣದಾಯಿತು, ಆಮೇಲೆ ನಿಂತೇಹೋಯಿತು. ಆದರೆ ಭಯಕ್ಕೆ ತುಟಿ ನಿಲ್ಲಲಿಲ್ಲ. ನಾನು ಬರೀ ತುಟಿ ಆಡಿಸುತ್ತ ಹೋದೆ.

ಗುರುಗಳು ತಲೆಯಾಡಿಸುತ್ತಲೇ ಇದ್ದರು. ತೊಡೆಯ ಮೇಲೆ ತಾಳ ನಡೆಯುತ್ತಲೇ ಇತ್ತು. ಇಡೀ ಪಡಸಾಲೆಯಲ್ಲಿ ಅವರ ಅಂಗೈಯ ಸಪ್ಪಳ ಬಿಟ್ಟು ಬೇರೆ ಸಪ್ಪಳವಿರಲಿಲ್ಲ. ನಾನು ಕೊನೆಯ ಪದಕ್ಕೆ ತುಟಿ ಮುಚ್ಚಿದೆ. ಅವರು ಸಾಹೇಬರ ಕಡೆ ತಿರುಗಿ, ತುಂಬ ಸಮಾಧಾನದಿಂದ, "ಏಳ ತಿಂಗಳದ ಹುಡಗ. ಛಲೋ ಹೇಳಿದ" ಎಂದರು.

ಸಾಹೇಬರು ನನ್ನನ್ನು ನೋಡಿದರು, ಅವರನ್ನು ನೋಡಿದರು. ಫೈಲು ತೆರೆದಿದ್ದರು, ಮುಚ್ಚಿದರು. ಹುಡುಗರ ಮುಖ ನೋಡಿ ಗುರುಗಳಿಗೂ ತಿಳಿಯಿತು. ಪಲ್ಯಾ ಅಳುತ್ತಿದ್ದ. ತಾಳ ಹಾಕುತ್ತಿದ್ದ ಕೈಯನ್ನು ಗುರುಗಳು ಇನ್ನೊಂದು ಕೈಯಿಂದ ಹಿಡಿದುಕೊಂಡರು.

ಹೊರಡುವಾಗ ಸಾಹೇಬರು ಬಾಗಿಲಲ್ಲಿ ನಿಂತು ನನ್ನನ್ನು ಮೆಲ್ಲಗೆ ಕೇಳಿದರು. "ನಿಮಗೆ ಮರೆತುಹೋಯಿತಾ, ಅಥವಾ ಬೇಕೆಂದೇ?"

ನಾನು ಉತ್ತರ ಕೊಡಲಿಲ್ಲ. ನಿಮ್ಮ ಮುಂದೆಯೂ ಕೊಡಲಾರೆ. ಪಾಠ ಮರೆತಿರಲಿಲ್ಲ, ಈಗಲೂ ಪೂರ್ತಿ ಹೇಳಬಲ್ಲೆ. ಗಂಟಲು ತಾನಾಗಿ ನಿಂತಿತೋ, ಸೀಟು ಹಿಡಿದಿಟ್ಟ ಹೈದರಾಬಾದು ಅದನ್ನು ನಿಲ್ಲಿಸಿತೋ, ಎರಡು ದಿನದಿಂದ ನನ್ನನ್ನೇ ಕೇಳಿಕೊಳ್ಳುತ್ತಿದ್ದೇನೆ.

ಮಾಣಿಕ


ಭಾಲ್ಕಿ
ತಾ. ೧೧–೨–೧೯೫೭

ಮಾನ್ಯ ನರಸಿಂಗರಾವ ಅವರಿಗೆ,

ಹೋದ ಪತ್ರಕ್ಕೆ ನೀವು ಉತ್ತರ ಕೊಡಲಿಲ್ಲ. ನಾಲ್ಕು ದಿನದ ಹಿಂದೆ ಕಚೇರಿಯ ಆದೇಶ ಬಂತು. "ಶಿಷ್ಯರ ಪಾಠವನ್ನು ಕೇಳಿ ತಿದ್ದಬಲ್ಲ ಒಬ್ಬ ಉಪಾಧ್ಯಾಯರು ಮಾರ್ಚ್ ಒಂದರೊಳಗೆ ಪಾಠಶಾಲೆಯಲ್ಲಿ ಇರತಕ್ಕದ್ದು. ತಪ್ಪಿದಲ್ಲಿ ವಿದ್ಯಾರ್ಥಿಗಳನ್ನು ಅವರವರ ಮನೆಗೆ ಕಳಿಸತಕ್ಕದ್ದು." ಸಹಿ ಸಾಹೇಬರದು. ಆದರೆ ನಕಲು ಮಾಡಿದ ಅಕ್ಷರ ನನಗೆ ಗೊತ್ತು, ನನ್ನ ಹತ್ತಿರ ಅದೇ ಅಕ್ಷರದ ಮೂರು ಪತ್ರಗಳಿವೆ. ಅಷ್ಟು ಸಾಲು ಬರೆದ ಕೈ, ಅದರ ಕೆಳಗೆ ನಮಗೆಂದು ಇನ್ನೊಂದು ಸಾಲು ಬರೆಯಲಿಲ್ಲವಲ್ಲ.

ಗುರುಗಳು ಆದೇಶವನ್ನು ತಾವೇ ಓದಿದರು. ಅವರೂ ಅಕ್ಷರ ಗುರುತಿಸಿದರು, ಬೆರಳನ್ನು ಸಾಲಿನ ಕೆಳಗೆ ನಿಧಾನವಾಗಿ ಎಳೆಯುತ್ತ ಹೋದರು. ಆಮೇಲೆ ಹುಡುಗರನ್ನೆಲ್ಲ ಪಡಸಾಲೆಗೆ ಕರೆಸಿ, "ನನಗ ಕಿವಿ ಕೇಳಸಲ್ಲ. ಎಂಟ ವರ್ಷದ ಮ್ಯಾಲಾತು. ನಿಮಗ ಮುಚ್ಚಿಟ್ಟಿದ್ದೆ, ತಪ್ಪಾತು" ಎಂದರು. ಗುರು ತಪ್ಪಾಯಿತೆಂದದ್ದನ್ನು ಹೇಗೆ ತೆಗೆದುಕೊಳ್ಳಬೇಕೆಂದು ಯಾರಿಗೂ ತಿಳಿಯಲಿಲ್ಲ. ಹುಡುಗರು ನಿಂತೇ ಇದ್ದರು.

ಎಲ್ಲರೂ ಹೋದ ಮೇಲೆ ನನ್ನನ್ನು ನಿಲ್ಲಿಸಿಕೊಂಡರು. ಅವರು ಹೇಳಿದ್ದನ್ನು ಒಂದಕ್ಷರ ಬಿಡದೆ ಬರೆಯುತ್ತೇನೆ. ಈ ಸಲ ಕಳಿಸು ಎಂದು ಹೇಳಿದವರು ಅವರೇ.

"ನೀ ಸ್ಲೇಟಿನ ಮ್ಯಾಲ ಬರದದ್ದ ಅವತ್ತ ಕೇಳಿಸಿರಲಿಲ್ಲ, ಅದು ಖರೆ. ಆದರ ಅವ ನಿಂತದ್ದ ಗೊತ್ತಿತ್ತು. ಬಾಗಲ ಮುಂದ ಬಿಸಲಿತ್ತು, ಅವನ ನೆರಳ ನನ್ನ ಮುಂದ ಬಿದ್ದಿತ್ತು. ಕೈಯಾಗ ಟ್ರಂಕ ಇದ್ದದ್ದೂ ನೆರಳಿನ್ಯಾಗ ಕಂಡಿತು. ಹೊಳ್ಳಿದ್ದರ ಅವ ಮಾತಾಡತಿದ್ದ. ಆಗಿನ್ನಾ ನನಗ ತುಟಿ ಓದಲಾಕ ಬರತಿರಲಿಲ್ಲ. ಯಾನ್ ಅಂದಿ, ಯಾನ್ ಅಂದಿ ಅಂತ ಕೇಳಬೇಕಾಗತಿತ್ತು. ನಮ್ಮಪ್ಪ ಕಿವುಡ ಅಂತ ಅವಗ ತಿಳೀತಿತ್ತು. ಅದಕ್ಕ ಹೊಳ್ಳಲಿಲ್ಲ. ನೆರಳ ಹೋಗೂತನಾ ಗಂಧ ತೇದಿ. ಕಿವಿ ಇರಲಿಲ್ಲ ಅಂತ ಅವ ನನಗ ಮಾಫ ಮಾಡೂದ ಬ್ಯಾಡ. ಹೀಂಗ ಅಂತ ಬರಿ."

ಇದನ್ನು ಓದಿ ನಿಮಗೆ ಹೆಚ್ಚು ಸಿಟ್ಟು ಬರಬಹುದು. ಬಾಗಿಲಿನ ಆ ಬೆಳಗಿನ ಬಗ್ಗೆ ನೀವು ಈಚೆಗೆ ಒಂದು ಸಮಾಧಾನ ಕಟ್ಟಿಕೊಂಡಿದ್ದರೆ, ಅದನ್ನೂ ನಾನು ಕಿತ್ತುಕೊಂಡಂತಾಯಿತು. ಆದರೆ ಮುಚ್ಚಿಟ್ಟರೆ ಏನಾಗುತ್ತದೆಂದು ಈ ಮನೆಯಲ್ಲಿ ನೋಡಿದ್ದೇನೆ.

ಸುದ್ದಿ ಕೇಳಿ ಅಪ್ಪ ಔರಾದದಿಂದ ನನ್ನನ್ನು ಕರೆದೊಯ್ಯಲು ಬಂದಿದ್ದರು. "ನಡಿ, ಹೈದರಾಬಾದಿಗಿ ಹೋಗಂತಿ. ಕಿವುಡ ಗುರುನ ಬಲ್ಲಿ ಯಾನ್ ಕಲೀತಿ?" ಎಂದರು. ಎಂಟು ತಿಂಗಳು ನಾನು ಕಾದಿದ್ದ ಮಾತು ಅದು. ಮಾರ್ಚ್ ಒಂದರತನಕ ಬರುವುದಿಲ್ಲ ಎಂದೆ. ಅವರು ಸಿಟ್ಟಿನಿಂದ ಮಧ್ಯಾಹ್ನದ ಗಾಡಿಗೇ ಹೋದರು. ಸೀಟು ಬೇರೆಯವರಿಗೆ ಕೊಡು ಎಂದು ಮುಜೀಬನಿಗೂ ಬರೆದಿದ್ದೇನೆ. ದೊಡ್ಡ ತ್ಯಾಗವೆಂದು ತಿಳಿಯಬೇಡಿ, ಆ ದಿನದ ಪಾಠದ ನಂತರ ಎದ್ದು ಹೋಗಲು ನನಗೆ ಮುಖವಿಲ್ಲ.

ಈಗ ಪಾಠ ಹೀಗೆ ನಡೆಯುತ್ತಿದೆ. ಗುರುಗಳು ಹೇಳುತ್ತಾರೆ, ಹುಡುಗರು ಹೇಳುತ್ತಾರೆ, ಗುರುಗಳು ಕೈ ನೋಡುತ್ತಾರೆ, ಪಕ್ಕದಲ್ಲಿ ಕೂತು ನಾನು ಕೇಳುತ್ತೇನೆ. ತಪ್ಪಿದರೆ ಅವರ ಮೊಣಕಾಲು ಮುಟ್ಟುತ್ತೇನೆ. ಆದರೆ ನನಗೆ ಬರುವುದು ನಾಲ್ಕು ಅಧ್ಯಾಯ. ಪಲ್ಯಾ ಹನ್ನೊಂದನೆಯದರಲ್ಲಿದ್ದಾನೆ, ಉದಗೀರದ ಹುಡುಗರು ಇಪ್ಪತ್ತು ದಾಟಿದ್ದಾರೆ. ಈ ಬೆಳಿಗ್ಗೆ ಪಲ್ಯಾ ಒಂದು ಪದದ ಹತ್ತಿರ ತಡೆದು ನನ್ನ ಮುಖ ನೋಡಿದ. "ಅಜ್ಜಾರ, ಹೀಂಗೇ ಅದಾ ಏನ್ರಿ? ಮನ್ನಿ ಬ್ಯಾರೆ ಅಂದಿದ್ದೆ ಅನಸ್ತದ." ಚೇಷ್ಟೆಯಲ್ಲ, ಅವನಿಗೆ ನಿಜವಾಗಿ ಹೆದರಿಕೆಯಾಗಿತ್ತು. ಗುರುಗಳು ಅವನ ಕೈ ನೋಡಿ ಸರಿ ಎಂದರು. ಎರಡು ಪದಕ್ಕೂ ಕೈ ಒಂದೇ ಆಗಿದ್ದರೆ?

ಮೊಣಕಾಲು ಮುಟ್ಟಬೇಕಿತ್ತೋ ಏನೋ, ನನಗೆ ಗೊತ್ತಿಲ್ಲ. ಗುರುಗಳಿಗೆ ಪದ ಗೊತ್ತು, ಹುಡುಗ ಅಂದದ್ದು ಗೊತ್ತಿಲ್ಲ. ಎರಡೂ ಗೊತ್ತಾಗುವುದು ನಿಮ್ಮೊಬ್ಬರಿಗೆ. ಆ ಪದ ತಪ್ಪಾಗಿದ್ದರೆ ಪಲ್ಯಾ ನಾಳೆಯೂ ಹಾಗೇ ಹೇಳುತ್ತಾನೆ, ಮುಂದೆ ತನ್ನ ಶಿಷ್ಯರಿಗೂ ಹಾಗೇ ಹೇಳಿಕೊಡುತ್ತಾನೆ.

ಅವರನ್ನು ಮಾಫ್ ಮಾಡಿ ಎಂದು ನಾನು ಕೇಳುತ್ತಿಲ್ಲ, ಅವರೂ ಕೇಳಿಲ್ಲ. ಅವರ ಜೊತೆ ಮಾತಾಡದಿದ್ದರೂ ನಡೆಯುತ್ತದೆ. ಪಕ್ಕದಲ್ಲಿ ಕೂತು ಕೇಳಿದರೆ ಸಾಕು. ಮಾರ್ಚ್ ಒಂದಕ್ಕೆ ಇನ್ನು ಹದಿನೆಂಟು ದಿನ ಉಳಿದಿವೆ.

ಬರುತ್ತೀರೋ ಇಲ್ಲವೋ ಎಂಬುದನ್ನು ಒಂದೇ ಸಾಲಿನಲ್ಲಿ ಬರೆಯಿರಿ, ಕಾರ್ಡಾದರೂ ಆದೀತು. ಈ ಪತ್ರ ಮುಟ್ಟಿದ ದಿನವೇ ದಯವಿಟ್ಟು ಉತ್ತರ ಹಾಕಿರಿ.

ತಮ್ಮ,
ಮಾಣಿಕ